ಬೋಟನ್ನು ಗುಡ್ಡದಲ್ಲಿ ಹುಡುಕಿದ ಮಧ್ಯಾಹ್ನ

ನಾನು ನಿವೃತ್ತಳಾಗುವ ವಾರ ನಮ್ಮ ಕಚೇರಿಗೆ ಇಬ್ಬರು ಹೊಸ ಹುಡುಗಿಯರು ಸೇರಿದರು. ಎಂಜಿನಿಯರಿಂಗ್ ಓದಿದವರು, ಗಣಿತದಲ್ಲಿ ನನಗಿಂತ ಎಷ್ಟೋ ಚುರುಕು. ಒಬ್ಬಳು ನೋಟ್‌ಬುಕ್ ತೆರೆದು ಕೇಳಿದಳು: "ಮೇಡಂ, ಈ ಕೆಲಸಕ್ಕೆ ಮುಖ್ಯವಾಗಿ ಎಂತ ಗೊತ್ತಿರ್ಬೇಕು?"

"ಏಣಿ ಹತ್ಲಿಕ್ಕೆ ಗೊತ್ತಿರ್ಬೇಕು" ಎಂದೆ.

ಅವಳು ನಕ್ಕು ನೋಟ್‌ಬುಕ್ ಮುಚ್ಚಿದಳು. ನಾನು ತಮಾಷೆ ಮಾಡಿರಲಿಲ್ಲ. ಮೂವತ್ತು ಚಿಲ್ಲರೆ ವರ್ಷ ನಾನು ಮಾಡಿದ್ದು ಹೆಚ್ಚಿನಂಶ ಅದೇ. ಗಣಿತ ಪುಸ್ತಕದಲ್ಲಿ ಸಿಗುತ್ತದೆ. ಮಾಳಿಗೆಯ ಮೇಲೆ ಏನಾಗಿದೆ ಎಂಬುದು ಹತ್ತಿ ನೋಡಿದರೆ ಮಾತ್ರ ತಿಳಿಯುತ್ತದೆ. ಆ ಇಬ್ಬರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು. ಯಾರದೋ ವೈರ್‌ಲೆಸ್ಸಿಗೆ ಇನ್ಯಾರದೋ ಸಾಧನ ಕಿರಿಕಿರಿ ಮಾಡುತ್ತಿದ್ದರೆ, ಆ ಕಿರಿಕಿರಿ ಎಲ್ಲಿಂದ ಹುಟ್ಟುತ್ತಿದೆ ಎಂದು ಕಂಡುಹಿಡಿದು ನಿಲ್ಲಿಸುವುದು. ನಾನು ಸೇರಿದ ಕಾಲದಲ್ಲಿ ಅದಕ್ಕೆ ಒಂದು ಜೀಪು, ಜೀಪಿನ ಮೇಲೆ ಬಳೆಯಂಥ ಆಂಟೆನಾ, ನನ್ನ ಕಿವಿಗೊಂದು ಹೆಡ್‌ಫೋನ್ ಇದ್ದವು. ಆಂಟೆನಾ ತಿರುಗಿಸುವುದು, ಶಬ್ದ ಜೋರಾದ ದಿಕ್ಕಿಗೆ ಹೋಗುವುದು, ಮತ್ತೆ ತಿರುಗಿಸುವುದು. ಹೀಗೆ ಹೋಗಿ ಹೋಗಿ ಒಮ್ಮೆ ಬಲ್ಮಠದ ಒಂದು ಮನೆಯ ಹಾಲ್‌ನಲ್ಲಿ ನಿಂತೆ. ಅವರ ಟಿವಿಯ ಬೂಸ್ಟರ್ ಕೆಟ್ಟು ಅರ್ಧ ಊರಿನ ವಾಕಿಟಾಕಿಗಳನ್ನು ಹಾಳು ಮಾಡುತ್ತಿತ್ತು. ಅದನ್ನು ಆಫ್ ಮಾಡಿ ಎಂದು ನನ್ನ ಗುರುತಿನ ಚೀಟಿ ತೋರಿಸಿದೆ. ಮನೆಯ ಅಜ್ಜಿ ಚೀಟಿಯನ್ನು ಎರಡೂ ಕಡೆ ತಿರುಗಿಸಿ ನೋಡಿ, "ಸೀರಿಯಲ್ ಮುಗೀಲಿ, ಹತ್ತು ನಿಮಿಷ. ಅಷ್ಟರವರೆಗೆ ಕೂತ್ಕೊಳ್ಳಿ" ಎಂದರು. ಸರ್ಕಾರದ ಪ್ರತಿನಿಧಿಯಾಗಿ ನಾನು ಕೂತು, ಸೊಸೆ ಮನೆ ಬಿಟ್ಟು ಹೋಗುವುದನ್ನು ಕೊನೆಯವರೆಗೂ ನೋಡಿದೆ. ಆಮೇಲೆ ಅಜ್ಜಿಯೇ ಪ್ಲಗ್ ಕಿತ್ತು ಕೈಗೆ ಕೊಟ್ಟರು.

ಜೀಪಿನ ಕಾಲ ಮುಗಿದು ಪೆಟ್ಟಿಗೆಗಳು ಬಂದದ್ದು ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ. ಮೂರು ಸಾಫ್ಟ್‌ವೇರ್ ರೇಡಿಯೊಗಳು, ಒಂದೊಂದೂ ಊಟದ ಡಬ್ಬಿಯಷ್ಟು ದೊಡ್ಡದು. ಬಂದ ತರಂಗವನ್ನು ಹಾಗೆಯೇ ಅಂಕೆಗಳಾಗಿ ಮಾಡಿ, ಗಂಟೆ ನಿಮಿಷ ಸೆಕೆಂಡು ಬರೆದು ಕಂಪ್ಯೂಟರಿಗೆ ಕಳಿಸುವುದು ಅವುಗಳ ಕೆಲಸ. ಒಂದನ್ನು ಬಲ್ಮಠದ ನಮ್ಮ ಕಚೇರಿಯ ಮಾಳಿಗೆಯ ಮೇಲೆ, ಇನ್ನೊಂದನ್ನು ಪಣಂಬೂರಿನ ಒಂದು ಕಟ್ಟಡದ ಮೇಲೆ, ಮೂರನೆಯದನ್ನು ಕಾಟಿಪಳ್ಳದಲ್ಲಿ ವಾರಿಜಕ್ಕ ಎಂಬವರ ಮನೆಯ ಟೆರೇಸಿನಲ್ಲಿ ಇಟ್ಟೆವು. ವಾರಿಜಕ್ಕನ ಗಂಡ ದೋಹಾದಲ್ಲಿ. ಅವರ ಟೆರೇಸ್ ಖಾಲಿಯಿತ್ತು, ಕರೆಂಟ್ ಚೆನ್ನಾಗಿತ್ತು, ಅವರಿಗೂ ಮಾತಾಡಲು ಯಾರಾದರೂ ಬೇಕಿತ್ತು.

ತತ್ವ ಸುಲಭ. ಒಂದು ಕಡೆ ಹುಟ್ಟಿದ ತರಂಗ ಹತ್ತಿರದ ಪೆಟ್ಟಿಗೆಗೆ ಮೊದಲು, ದೂರದ ಪೆಟ್ಟಿಗೆಗೆ ಆಮೇಲೆ ಮುಟ್ಟುತ್ತದೆ. ಎಷ್ಟು ಮೊದಲು, ಎಷ್ಟು ಆಮೇಲೆ ಎಂದು ಗೊತ್ತಾದರೆ ಅದು ಹುಟ್ಟಿದ ಜಾಗ ಲೆಕ್ಕಕ್ಕೆ ಸಿಗುತ್ತದೆ. ತೊಂದರೆ ಏನೆಂದರೆ, ತರಂಗದ ಓಟ ಬೆಳಕಿನ ಓಟ. ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ ಒಂದೇ ಪಾಲು ತಪ್ಪಿದರೂ ಜಾಗ ಮುನ್ನೂರು ಮೀಟರ್ ತಪ್ಪುತ್ತದೆ. ಆ ಒಂದು ಪಾಲಿಗೆ ಮೈಕ್ರೋಸೆಕೆಂಡ್ ಎನ್ನುತ್ತಾರೆ. ಆದ್ದರಿಂದ ಮೂರು ಕಡೆಯ ಮೂರು ಗಡಿಯಾರ ಒಂದೇ ಮಾತು ಹೇಳಬೇಕು. ಪೆಟ್ಟಿಗೆಯೊಳಗಿನ ಗಡಿಯಾರವನ್ನು ಅದರಷ್ಟಕ್ಕೆ ಬಿಟ್ಟರೆ ಬಿಸಿಲಿಗೆ ಒಂದು ಥರ, ತಂಪಿಗೆ ಒಂದು ಥರ ನಡೆಯುತ್ತದೆ. ಅದಕ್ಕೆ ಪ್ರತಿ ಪೆಟ್ಟಿಗೆಗೂ ಅಣಬೆಯಂಥ ಸಣ್ಣ ಬಿಳಿ ಆಂಟೆನಾ ಇದೆ. ಆಕಾಶದ ಉಪಗ್ರಹಗಳು ಅದರ ಮೂಲಕ ಸೆಕೆಂಡಿಗೊಮ್ಮೆ ಗಡಿಯಾರದ ಕಿವಿ ಹಿಂಡಿ ದಾರಿಗೆ ತರುತ್ತವೆ.

ಇದನ್ನೆಲ್ಲ ನಮ್ಮ ಮೇಲಧಿಕಾರಿ ವಿಠಲ ರೈಯವರಿಗೆ ವಿವರಿಸಿದಾಗ ಅವರು ಪೂರ್ತಿ ಕೇಳಿದರು. ರೈಯವರು ಸಮಯಪಾಲನೆಗೆ ಹೆಸರಾದವರು. ಕೈಗಡಿಯಾರವನ್ನು ಐದು ನಿಮಿಷ ಮುಂದೆ ಇಟ್ಟುಕೊಂಡು, ಅದರ ಪ್ರಕಾರ ಹಾಜರಿ ಪುಸ್ತಕ ಮುಚ್ಚುತ್ತಿದ್ದರು. ಕೊನೆಗೆ ಅವರು ತೋಳು ಮೇಲೆತ್ತಿ, "ಇಷ್ಟೆಲ್ಲ ಎಂತಕ್ಕೆ ಜಲಜಾಕ್ಷಿಯವರೇ? ಮೂರನ್ನೂ ನನ್ನ ವಾಚ್ ನೋಡಿ ಸರಿ ಮಾಡಿ" ಎಂದರು. ಅವರ ಮುಖದಲ್ಲಿ ನಗು ಇರಲಿಲ್ಲ.

ಮೊದಲ ತಿಂಗಳು ಯಂತ್ರ ಯಾವ ಉತ್ತರವನ್ನೂ ಕೊಡಲಿಲ್ಲ. ಯಾವ ತರಂಗ ತೋರಿಸಿದರೂ 'ಪರಿಹಾರ ಇಲ್ಲ' ಎಂದೇ ಹೇಳುತ್ತಿತ್ತು. ಹುಡುಕಿದಾಗ ಗೊತ್ತಾದದ್ದು ಇಷ್ಟು: ಉಪಗ್ರಹಗಳು ತಮ್ಮದೇ ಒಂದು ಸಮಯ ಇಟ್ಟುಕೊಂಡಿವೆ, ಅದು ನಮ್ಮ ಗಡಿಯಾರದ ಸಮಯಕ್ಕಿಂತ ಹದಿನೆಂಟು ಸೆಕೆಂಡ್ ಮುಂದೆ. ಎರಡು ಪೆಟ್ಟಿಗೆ ನಮ್ಮ ಸಮಯ ಬರೆಯುತ್ತಿದ್ದವು, ಬಲ್ಮಠದ್ದು ಉಪಗ್ರಹದ ಸಮಯ ಬರೆಯುತ್ತಿತ್ತು.

"ಹದಿನೆಂಟು ಸೆಕೆಂಡಿಗೆ ಎಂತ ಆಗ್ತದೆ? ನಮ್ಮ ಆಫೀಸಿನವರು ಹದಿನೆಂಟು ನಿಮಿಷ ತಡ ಬರ್ತಾರೆ" ಎಂದರು ರೈಯವರು.

"ಸರ್, ಹದಿನೆಂಟು ಸೆಕೆಂಡಿನಲ್ಲಿ ತರಂಗ ಚಂದ್ರನಿಗಿಂತ ಹದಿನಾಲ್ಕು ಪಟ್ಟು ದೂರ ಹೋಗ್ತದೆ."

ಅವರು ಸ್ವಲ್ಪ ಯೋಚಿಸಿದರು. "ಅಷ್ಟು ದೂರ ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಸರಿ ಮಾಡಿ" ಎಂದರು.

ಸರಿ ಮಾಡಿದೆ. ಯಂತ್ರ ಉತ್ತರ ಕೊಡತೊಡಗಿತು. ಆ ಉತ್ತರದಿಂದಲೇ ನನ್ನ ಜೀವಮಾನದ ದೊಡ್ಡ ತಪ್ಪು ಬಯಲಾಯಿತು.

ಬಂದರಿನಲ್ಲಿ ಸರಕು ಇಳಿಸುವ ಕ್ರೇನ್ ಚಾಲಕರ ವಾಕಿಟಾಕಿಯಲ್ಲಿ ಏನೋ ಗುಂಯ್‌ಗುಡುತ್ತದೆ ಎಂದು ದೂರು ಬಂತು. ಯಂತ್ರವನ್ನು ಕೇಳಿದೆವು. ಅದು ಅರಬ್ಬೀ ಸಮುದ್ರದ ಮೇಲೆ, ದಡದಿಂದ ಸುಮಾರು ಆರು ಕಿಲೋಮೀಟರ್ ಆಚೆ ಕೆಂಪು ಚುಕ್ಕೆ ಇಟ್ಟಿತು. ರೈಯವರಿಗೆ ಭಾರಿ ಉತ್ಸಾಹ. ಅನುಮತಿಯಿಲ್ಲದ ಹಡಗೊಂದು ನಿಂತು ಪ್ರಸಾರ ಮಾಡುತ್ತಿದೆ ಎಂದು ಅವರಿಗೆ ಖಾತ್ರಿಯಾಯಿತು. ಮೇಲಿನ ಕಚೇರಿಗೆ ವರದಿ ಕಳಿಸಿ, ಒಂದು ಬೋಟು ಗೊತ್ತುಮಾಡಿ, ಇಸ್ತ್ರಿ ಮಾಡಿದ ಪ್ಯಾಂಟು ಮತ್ತು ಹೊಸ ಚರ್ಮದ ಬೂಟು ಹಾಕಿಕೊಂಡು ತಾವೇ ಹೊರಟರು. ನಾನು ಕಚೇರಿಯಲ್ಲಿ ಕೂತು ಫೋನಿನಲ್ಲಿ ದಾರಿ ಹೇಳುತ್ತಿದ್ದೆ.

"ಬಂದೆವು" ಎಂದರು. "ಎಂತ ಕಾಣ್ತದೆ ಸರ್?" ಎಂದೆ. "ನೀರು" ಎಂದರು. ಸ್ವಲ್ಪ ಹೊತ್ತಿನ ಮೇಲೆ ಫೋನನ್ನು ಬೋಟಿನವನು ತೆಗೆದುಕೊಂಡು, "ಅಕ್ಕ, ನಿಮ್ಮ ಸಾಹೇಬ್ರು ವಾಂತಿ ಮಾಡ್ತಾ ಇದ್ದಾರೆ, ಹಿಂದೆ ಬರುದಾ?" ಎಂದು ಕೇಳಿದ.

ಗುಂಯ್‌ಗುಡುತ್ತಿದ್ದದ್ದು ದಡದ ಮೇಲಿನ ಒಂದು ಐಸ್ ಪ್ಲಾಂಟಿನ ಗೇಟಿನ ರಿಮೋಟ್ ಎಂದು ಮರುವಾರ ಹಳೆಯ ಹೆಡ್‌ಫೋನ್ ಹಾಕಿಕೊಂಡು ನಡೆದು ಹೋಗಿ ಕಂಡುಹಿಡಿದೆ. ಆಮೇಲೆ ಪ್ರತಿಯೊಂದು ಪರೀಕ್ಷೆಯಲ್ಲೂ ಯಂತ್ರ ಅದೇ ಅಳತೆಗೆ ತಪ್ಪುತ್ತಿತ್ತು. ಯಾವಾಗಲೂ ಆರು ಕಿಲೋಮೀಟರಿನ ಆಸುಪಾಸು, ಯಾವಾಗಲೂ ತಪ್ಪುವುದು ಪಣಂಬೂರಿನ ಪೆಟ್ಟಿಗೆ. ಪಣಂಬೂರಿಗೆ ಹೋಗಿ, ಏಣಿ ಹತ್ತಿ, ವಿದ್ಯುತ್ ಮಿಡಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಚುಚ್ಚಿ ನೋಡಿದೆ. ಉಪಗ್ರಹದ ಗಡಿಯಾರ ಪ್ರತಿ ಸೆಕೆಂಡಿನ ಆರಂಭಕ್ಕೆ ಒಂದು ಸಣ್ಣ ಮಿಡಿತ ಕೊಡುತ್ತದೆ. ಆ ಮಿಡಿತ ಇಪ್ಪತ್ತು ಮೈಕ್ರೋಸೆಕೆಂಡ್ ಇರುತ್ತದೆ. ಉಳಿದ ಎರಡು ಪೆಟ್ಟಿಗೆ ಮಿಡಿತ ಏಳುವಾಗ ಸೆಕೆಂಡ್ ಶುರು ಎಂದು ಎಣಿಸುತ್ತಿದ್ದವು. ಪಣಂಬೂರಿನದು ಮಿಡಿತ ಬೀಳುವಾಗ ಎಣಿಸುತ್ತಿತ್ತು. ಇಪ್ಪತ್ತು ಮೈಕ್ರೋಸೆಕೆಂಡ್ ಎಂದರೆ ಆರು ಕಿಲೋಮೀಟರ್. ಏಳುವುದೋ ಬೀಳುವುದೋ ಎಂದು ಆರಿಸಿ ಒತ್ತುವ ಒಂದೇ ಒಂದು ಗುಂಡಿ ಅದು. ಆ ಪೆಟ್ಟಿಗೆಯನ್ನು ಜೋಡಿಸಿ ಗುಂಡಿ ಒತ್ತಿದವಳು ನಾನೇ.

ಗುಂಡಿ ಸರಿ ಮಾಡಿ ಯಾರಿಗೂ ಹೇಳದೆ ಇರಬಹುದಿತ್ತು. ತಪ್ಪನ್ನು ಯಂತ್ರದ ಮೇಲೆ ಹಾಕಿದ್ದರೆ ಯಂತ್ರವೇನೂ ಇಲ್ಲ ಎನ್ನುತ್ತಿರಲಿಲ್ಲ. ಆದರೆ ಬೋಟಿನಿಂದ ಹಿಂದೆ ಬಂದ ರೈಯವರ ಬಿಳಿಚಿದ ಮುಖ ಕಣ್ಣಿಗೆ ಕಟ್ಟಿತ್ತು. ಹೋಗಿ ಹೇಳಿದೆ. ಮೇಲಿನ ಕಚೇರಿಯವರು ಅವರಿಗೆ ಅಷ್ಟರಲ್ಲೇ 'ಕ್ಯಾಪ್ಟನ್' ಎಂದು ಹೆಸರಿಟ್ಟಿದ್ದರು.

"ನನ್ನ ಬೂಟು ಹೋಯ್ತು ಜಲಜಾಕ್ಷಿಯವರೇ" ಎಂದರು. "ಉಪ್ಪುನೀರು. ಒಣಗಿ ಸುರುಟಿ ಹೋಯ್ತು." ಅಷ್ಟೇ. ನನ್ನ ಹೆಸರು ಯಾವ ಕಾಗದದಲ್ಲೂ ಬರಲಿಲ್ಲ. ವರದಿಯಲ್ಲಿ 'ಹೊಂದಾಣಿಕೆಯ ದೋಷ, ಸರಿಪಡಿಸಲಾಗಿದೆ' ಎಂದು ಬರೆದು ತಾವೇ ಸಹಿ ಹಾಕಿದರು.

ಆದರೆ ಸಮುದ್ರದ ಮೇಲೆ ಅವರಿಗೆ ಹುಟ್ಟಿದ ಸಿಟ್ಟು ಹೋಗಲಿಲ್ಲ. ನಮ್ಮ ಮೂರು ಪೆಟ್ಟಿಗೆಗಳು ಕರಾವಳಿಯ ಗುಂಟ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿದ್ದವು. ಹಾಗಿರುವಾಗ ತರಂಗ ಗೆರೆಯ ಪಶ್ಚಿಮಕ್ಕೆ ಹುಟ್ಟಿತೋ ಪೂರ್ವಕ್ಕೆ ಹುಟ್ಟಿತೋ ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಆಮೇಲೆ ಹಾಕಿದ ಹೊಸ ಪ್ರೋಗ್ರಾಮು, ಮೊದಲಿನದರಂತೆ ಒಂದನ್ನೇ ಆರಿಸದೆ, ಪ್ರಾಮಾಣಿಕವಾಗಿ ಎರಡು ಚುಕ್ಕೆ ತೋರಿಸುತ್ತಿತ್ತು, ಒಂದು ನೆಲದ ಮೇಲೆ, ಅದರ ಕನ್ನಡಿಬಿಂಬದಂತೆ ಇನ್ನೊಂದು ನೀರಿನ ಮೇಲೆ. ರೈಯವರು ಒಂದು ಕಾಗದ ಟೈಪ್ ಮಾಡಿಸಿ ಕಂಪ್ಯೂಟರಿನ ಮೇಲೆ ಅಂಟಿಸಿದರು: 'ಸಮುದ್ರದ ಬಿಂದುವನ್ನು ಪರಿಗಣಿಸತಕ್ಕದ್ದಲ್ಲ.' ಕಾಟಿಪಳ್ಳ, ಬಜ್ಪೆ, ಬಲ್ಮಠಗಳ ಕೆಟ್ಟ ಬೂಸ್ಟರುಗಳಿಗೆ ಆ ಆದೇಶ ಸರಿಯಾಗಿಯೇ ನಡೆಯಿತು.

ಈಗ ಆ ಮಧ್ಯಾಹ್ನದ ವಿಷಯ.

ಮೇ ತಿಂಗಳ ಕೊನೆ. ಮಳೆಗಾಲದ ರಜೆಗೆ ಮುಂಚಿನ ಕೊನೆಯ ಸುತ್ತಿಗೆ ಹೋದ ಬೋಟುಗಳು ಹಿಂದೆ ಬರುತ್ತಿದ್ದವು. ಗಾಳಿ ಎದ್ದಿತ್ತು. ಮೂರು ದಿನದಿಂದ ನನ್ನ ಪರದೆಯಲ್ಲಿ ಕಾಟಿಪಳ್ಳದ ಪೆಟ್ಟಿಗೆಯ ಪಕ್ಕ 'ಉಪಗ್ರಹ ಸಿಗುತ್ತಿಲ್ಲ' ಎಂದು ಕೆಂಪು ಅಕ್ಷರ ಬರುತ್ತಿತ್ತು. ನಾಳೆ ಹೋಗುವ, ನಾಳೆ ಹೋಗುವ ಎಂದು ನಾನು ಮುಂದೂಡುತ್ತಿದ್ದೆ.

ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ದಿನಕರಣ್ಣನ ಫೋನು ಬಂತು. ಅವರು ಮೀನುಗಾರರ ವೈರ್‌ಲೆಸ್ ಕೋಣೆಯಲ್ಲಿ ಕೂರುವವರು. ಬೋಟುಗಳ ಜೊತೆ ಮಾತಾಡುವುದು ಅವರ ಕೆಲಸ.

"ಅಕ್ಕ, ಹದಿನಾರನೇ ಚಾನೆಲ್ ಹೋಯ್ತು" ಎಂದರು. ಅವರ ಸ್ವರ ಎಂದಿನಂತಿರಲಿಲ್ಲ. ಹದಿನಾರನೇ ಚಾನೆಲ್ ಎಂದರೆ ಅಪಾಯದಲ್ಲಿರುವ ಬೋಟು ಕೂಗಿ ಕರೆಯುವ ಚಾನೆಲ್. "ಈಗಷ್ಟೇ ಒಂದು ಬೋಟಿನವ ಕರೆದ. ಎಂಜಿನ್ ರೂಮಿಗೆ ನೀರು ಬರ್ತಾ ಉಂಟು, ಎಂಟು ಜನ ಇದ್ದೇವೆ ಅಂದ. ಬಂದರಿನ ಟವರಿನವರು ಯಾವ ಜಾಗ ಅಂತ ಕೇಳಿದ್ರು. ಅವ ಹೇಳ್ಲಿಕ್ಕೆ ಬಾಯಿ ತೆರೆಯುವಾಗ ಇನ್ಯಾವನೋ ಮೈಕ್ ಒತ್ತಿಟ್ಟಿದ್ದಾನೆ. ಅವನದೇ ಮಾತು ಬರ್ತಾ ಉಂಟು, ಬಿಡುವುದೇ ಇಲ್ಲ."

ಕಂಪ್ಯೂಟರಿನಲ್ಲಿ ಆ ಚಾನೆಲಿಗೆ ಸ್ಪೀಕರ್ ಹಾಕಿದೆ. ಕೋಣೆಯ ತುಂಬ ತುಳು ಮಾತು ತುಂಬಿಕೊಂಡಿತು. ಯಾವುದೋ ಬೋಟಿನ ಮೈಕು ಎಲ್ಲೋ ಸಿಕ್ಕಿಕೊಂಡು ಗುಂಡಿ ಒತ್ತಿಹೋಗಿದೆ, ಒಳಗಿನವರಿಗೆ ಗೊತ್ತಿಲ್ಲ. ಗುಂಡಿ ಒತ್ತಿರುವಷ್ಟು ಹೊತ್ತು ಅವರಿಗೆ ಯಾರ ಮಾತೂ ಕೇಳಿಸುವುದೂ ಇಲ್ಲ. ಬಟ್ಟೆಯೊಳಗಿಂದ ಬಂದ ಹಾಗೆ ಮಂದವಾದ ಸ್ವರ. ಬೋಟು ನಡೆಸುವ ತಾಂಡೇಲ ತನ್ನ ಅಡುಗೆಯವನಿಗೆ ಬದುಕಿನ ಗುಟ್ಟು ಹೇಳಿಕೊಡುತ್ತಿದ್ದ.

"ಮೀನು ಎಲ್ಲಿ ಸಿಕ್ಕಿತು ಅಂತ ಯಾರು ಕೇಳಿದ್ರೂ ನಾನು ತೆಂಕು ಅಂತ ಹೇಳುದು" ಎನ್ನುತ್ತಿತ್ತು ಆ ಸ್ವರ. "ನಿಜಕ್ಕೂ ಬಡಗು. ಇಪ್ಪತ್ತು ವರ್ಷದಿಂದ ಹಾಗೇ. ನನ್ನ ಮಾತು ಕೇಳಿ ಹೋದವರಿಗೆ ಒಂದು ಬೂತಾಯಿ ಮೀನು ಸಹ ಸಿಕ್ಕಿಲ್ಲ ಮಾರಾಯ. ನನ್ನ ಸ್ವಂತ ಭಾವನಿಗೇ ಹೇಳಿಲ್ಲ."

"ಯಾರಿದು?" ಎಂದು ದಿನಕರಣ್ಣನನ್ನು ಕೇಳಿದೆ. "ಫೋನ್ ಮಾಡಿ ನಿಲ್ಲಿಸಬಹುದಲ್ಲ?"

"ಸ್ವರ ಗೊತ್ತಾಗುದಿಲ್ಲ ಅಕ್ಕ. ಮೂರು ಜನರ ಮೇಲೆ ನನಗೆ ಸಂಶಯ ಉಂಟು. ಮೂರು ಜನಕ್ಕೂ ಫೋನ್ ಮಾಡಿದೆ. ಮೂವರೂ ಅದು ತಾನಲ್ಲ, ಆ ಇನ್ನೊಬ್ಬ ಅಂತ ಆಣೆ ಹಾಕ್ತಾರೆ."

ನೀರು ತುಂಬುತ್ತಿದ್ದ ಬೋಟು ಮೊಬೈಲ್ ಸಿಗದಷ್ಟು ದೂರದಲ್ಲಿತ್ತು. ಅವರಿಗೆ ಉಳಿದಿದ್ದ ದಾರಿ ಆ ಚಾನೆಲ್ ಒಂದೇ. ರಕ್ಷಣಾ ಬೋಟಿನವರು ಎಂಜಿನ್ ಚಾಲೂ ಮಾಡಿ ನಿಂತಿದ್ದರು, ಆದರೆ ಯಾವ ಕಡೆ ಹೋಗಬೇಕೆಂದು ಯಾರಿಗೂ ಗೊತ್ತಿರಲಿಲ್ಲ.

ರೈಯವರು ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಬಂದು ನಿಂತಿದ್ದರು. "ಮೊದಲು ಈ ಮಾತಾಡುವವನನ್ನು ಹುಡುಕಿ, ಚಾನೆಲ್ ಖಾಲಿ ಮಾಡಿಸಿ" ಎಂದರು.

ಅದು ಸರಿಯಾದ ಮಾತೇ. ನಾನೂ ಅದಕ್ಕೇ ಕೈ ಹಾಕಿದೆ. ಹಾಕಿದ ಮೇಲೆ ಒಂದು ಯೋಚನೆ ಬಂತು. ಮುಳುಗುತ್ತಿದ್ದವನು ಮಾತಾಡಿದ್ದ. ಕಡಿಮೆ ಹೊತ್ತು, ಆದರೆ ಮಾತಾಡಿದ್ದ. ನಮ್ಮ ಪೆಟ್ಟಿಗೆಗಳು ಆ ಚಾನೆಲನ್ನು ಹಗಲೂ ರಾತ್ರಿ ದಾಖಲಿಸುತ್ತಿದ್ದವು. ಅವನು ಜಾಗ ಹೇಳಬೇಕಾಗಿಯೇ ಇಲ್ಲ. ಅವನ ಸ್ವರ ಮೂರು ಪೆಟ್ಟಿಗೆಗೆ ಯಾವ ಯಾವ ಗಳಿಗೆಯಲ್ಲಿ ಮುಟ್ಟಿತು ಎಂಬುದು ಸಾಕು.

ಹಿಂದಕ್ಕೆ ಹೋಗಿ ಹುಡುಕಿದೆ. ಸಿಕ್ಕಿತು. ಒಂಬತ್ತು ಸೆಕೆಂಡ್. ಮೂರು ಪೆಟ್ಟಿಗೆಯಲ್ಲೂ ಇತ್ತು. ಕಾಟಿಪಳ್ಳದ ಸಾಲಿನ ಪಕ್ಕದಲ್ಲಿ ಮಾತ್ರ ಅದೇ ಕೆಂಪು ಅಕ್ಷರ. ಮೂರು ದಿನದಿಂದ ಉಪಗ್ರಹ ಕಾಣದ ಗಡಿಯಾರ ಎಷ್ಟು ತಪ್ಪಿದೆಯೋ ಯಾರಿಗೆ ಗೊತ್ತು. ವಾರಿಜಕ್ಕನಿಗೆ ಫೋನ್ ಮಾಡಿದೆ.

"ವಾರಿಜಕ್ಕ, ಟೆರೇಸಿನಲ್ಲಿ ಆ ಬಿಳಿ ಅಣಬೆಗೆ ಎಂತ ಆಗಿದೆ ಸ್ವಲ್ಪ ನೋಡ್ತೀರಾ? ಬೇಗ."

"ಅದಕ್ಕೆ ಎಂತ ಆಗ್ಲಿಕ್ಕೆ ಉಂಟು? ಚೆನ್ನಾಗಿ ಉಂಟು. ಕಾಗೆ ಕೂತು ಹೇಲುತ್ತಿತ್ತು ಅಂತ ನಾನೇ ಮೊನ್ನೆ ಅಲ್ಯುಮಿನಿಯಂ ಪಾತ್ರೆ ಕವುಚಿ ಹಾಕಿದ್ದೇನೆ. ಗಾಳಿಗೆ ಹಾರದ ಹಾಗೆ ಮೇಲಿಂದ ಕಲ್ಲು ಸಹ ಇಟ್ಟಿದ್ದೇನೆ."

"ತೆಗೀರಿ ವಾರಿಜಕ್ಕ."

"ಕಾಗೆ?"

"ಕಾಗೆ ಕೂತ್ಕೊಳ್ಲಿ. ಪಾತ್ರೆ ತೆಗೀರಿ."

ಅವರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುವುದು ಫೋನಿನಲ್ಲಿ ಕೇಳಿಸಿತು. ಕಲ್ಲು ಉರುಳಿದ ಸದ್ದು, ಪಾತ್ರೆ ಬಿದ್ದ ಸದ್ದು. ಆದರೆ ಈಗ ತೆಗೆದರೆ ಮುಂದಿನದಕ್ಕೆ ಉಪಯೋಗ. ಆಗಲೇ ದಾಖಲಾದ ಒಂಬತ್ತು ಸೆಕೆಂಡಿಗೆ ಅದರಿಂದ ಏನೂ ಸಿಗದು.

ಸ್ಪೀಕರಿನಲ್ಲಿ ತಾಂಡೇಲ ಈಗ ಬಂಗುಡೆ ಸಾರಿಗೆ ಹುಳಿ ಎಷ್ಟು ಹಾಕಬೇಕೆಂದು ಅಡುಗೆಯವನಿಗೆ ಬೈಯುತ್ತಿದ್ದ. ರೈಯವರು ಸ್ಪೀಕರಿನ ಸದ್ದು ಕಡಿಮೆ ಮಾಡಿದರು. "ಎಂತಾದ್ರೂ ದಾರಿ ಉಂಟಾ?" ಎಂದು ಮೆಲ್ಲಗೆ ಕೇಳಿದರು.

ದಾರಿ ಇದೆಯೇ ಎಂದು ನಾನು ಅದೇ ದಾಖಲೆಯನ್ನು ಮತ್ತೊಮ್ಮೆ ಕೇಳುತ್ತಿದ್ದೆ. ಮುಳುಗುವವನ ಮಾತು ಮುಗಿದ ತಕ್ಷಣ ಬಂದರಿನ ಟವರಿನವರು "ಯಾವ ಬೋಟು? ಜಾಗ ಹೇಳಿ, ಜಾಗ ಹೇಳಿ" ಎಂದಿದ್ದರು. ಅದೇ ಚಾನೆಲ್, ಅದೇ ನಿಮಿಷ. ಟವರು ಎಲ್ಲಿದೆ ಎಂದು ನಮಗೆ ಗೊತ್ತು, ಅದು ಓಡಿಹೋಗುವ ವಸ್ತುವಲ್ಲ. ಅಲ್ಲಿಂದ ಹೊರಟ ಮಾತು ಉಳಿದ ಎರಡು ಪೆಟ್ಟಿಗೆಗೆ ಮುಟ್ಟಿದ ಗಳಿಗೆ ಹಿಡಿದು, ಕಾಟಿಪಳ್ಳಕ್ಕೆ ಯಾವಾಗ ಮುಟ್ಟಬೇಕಿತ್ತು ಎಂದು ನಕ್ಷೆ ನೋಡಿ ಹೇಳಬಹುದು. ಪೆಟ್ಟಿಗೆ ಯಾವಾಗ ಮುಟ್ಟಿತೆಂದು ಬರೆದುಕೊಂಡಿದೆ ಎಂಬುದೂ ಎದುರಿಗಿತ್ತು. ಎರಡರ ನಡುವಿನ ವ್ಯತ್ಯಾಸವೇ ಗಡಿಯಾರದ ತಪ್ಪು. ಹದಿನಾಲ್ಕು ಮೈಕ್ರೋಸೆಕೆಂಡ್ ಬಂತು. ಅಷ್ಟನ್ನು ಕಳೆದು ಮುಳುಗುವವನ ಸ್ವರವನ್ನು ಮತ್ತೆ ಲೆಕ್ಕಕ್ಕೆ ಹಾಕಿದೆ.

ಯಂತ್ರ ಎರಡು ಚುಕ್ಕೆ ಇಟ್ಟಿತು. ಚುಕ್ಕೆ ಎನ್ನುವುದಕ್ಕಿಂತ ಎರಡು ಉದ್ದನೆಯ ಪಡವಲಕಾಯಿ ಎನ್ನಬೇಕು. ಅಷ್ಟು ದೂರಕ್ಕೆ ದಿಕ್ಕು ಚೆನ್ನಾಗಿ ಸಿಗುತ್ತದೆ, ದೂರ ಅಷ್ಟು ಚೆನ್ನಾಗಿ ಸಿಗುವುದಿಲ್ಲ. ಒಂದು ಪಡವಲಕಾಯಿ ಸಮುದ್ರದಲ್ಲಿ, ದಡದಿಂದ ಇಪ್ಪತ್ತೈದು ಕಿಲೋಮೀಟರ್ ಆಚೆ. ಇನ್ನೊಂದು ಬಜ್ಪೆಯನ್ನೂ ದಾಟಿ ಒಳಗೆ, ಒಂದು ಗುಡ್ಡದ ಮೇಲೆ.

ರೈಯವರು ಬಗ್ಗಿದರು. ಕನ್ನಡಕ ಸರಿಮಾಡಿಕೊಂಡು ಗುಡ್ಡದ ಮೇಲೆ ಬೆರಳಿಟ್ಟು, "ಇಲ್ಲಿಗೆ ರಸ್ತೆ ಉಂಟು. ಜೀಪ್ ಹೋಗ್ತದೆ" ಎಂದರು.

"ಸರ್, ಅದು ಬೋಟು" ಎಂದೆ.

ಅವರು ಬೆರಳು ತೆಗೆಯಲಿಲ್ಲ. ಕಣ್ಣು ಕಂಪ್ಯೂಟರಿನ ಮೇಲೆ ತಾವೇ ಅಂಟಿಸಿದ್ದ ಕಾಗದಕ್ಕೆ ಹೋಯಿತು. ಆಮೇಲೆ ಮೆಲ್ಲಗೆ ಬೆರಳು ಜಾರಿ ಬಜ್ಪೆ ದಾಟಿ, ಪಣಂಬೂರು ದಾಟಿ, ನೀರಿನ ಮೇಲೆ ಬಂದು ನಿಂತಿತು. ನಗಬೇಕೆಂದು ಆಗ ಅನಿಸಲಿಲ್ಲ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಒಬ್ಬಳೇ ಎಷ್ಟು ನಕ್ಕೆನೆಂದರೆ ಪಕ್ಕದಲ್ಲಿದ್ದ ಹೆಂಗಸು ಸೀಟು ಬದಲಿಸಿದಳು.

ರಕ್ಷಣಾ ಬೋಟಿನ ಅಧಿಕಾರಿಗೆ ಫೋನಿನಲ್ಲಿ ಜಾಗ ಹೇಳಿದೆ. ಆತ ಸಭ್ಯವಾಗಿಯೇ ಕೇಳಿದರು: "ಮೇಡಂ, ಕಳೆದ ಸಲ ನಿಮ್ಮ ಆಫೀಸಿನವರು ಸಮುದ್ರದಲ್ಲಿ ಹಡಗು ಉಂಟು ಅಂತ ಹೇಳಿ ಎಂತದೂ ಇರ್ಲಿಲ್ಲ ಅಲ್ವಾ? ನಾವು ಬಡಗಿಗೆ ಹೋಗುವ ಅಂತ ಇದ್ದೇವೆ, ಹೆಚ್ಚು ಬೋಟು ಇರುದು ಆ ಕಡೆ. ನೀವು ಹೇಳುವ ಕಡೆಗೆ ಹೋಗಿ ಅಲ್ಲಿ ಇಲ್ಲದಿದ್ರೆ ಎಂಟು ಜನ ಹೋದ ಹಾಗೆ. ಇದನ್ನು ಬರವಣಿಗೆಯಲ್ಲಿ ಕೊಡ್ತೀರಾ?"

ನಾನು ಫೋನಿಗೆ ಕೈ ಅಡ್ಡ ಹಿಡಿದು ರೈಯವರನ್ನು ನೋಡಿದೆ. ಬರೆದು ಕೊಡುವ ಅಧಿಕಾರ ನನಗಿರಲಿಲ್ಲ. ಅವರ ಮುಖದಲ್ಲಿ ಹಳೆಯ ವಾಂತಿ, ಹಳೆಯ ಬೂಟು, ಮೇಲಿನ ಕಚೇರಿಯ 'ಕ್ಯಾಪ್ಟನ್' ಎಲ್ಲವೂ ಹಾದುಹೋದದ್ದು ನನಗೆ ಕಾಣುತ್ತಿತ್ತು.

"ಜಲಜಾಕ್ಷಿಯವರೇ, ಈ ಸಲ ಗುಂಡಿ ಸರಿ ಒತ್ತಿದ್ದೀರಿ ಅಲ್ಲ?" ಎಂದರು.

"ಎರಡು ಸಲ ನೋಡಿದ್ದೇನೆ ಸರ್. ಟವರಿನ ಮಾತನ್ನು ಹಾಕಿ ಪರೀಕ್ಷೆ ಮಾಡಿದ್ರೆ ಚುಕ್ಕೆ ಟವರಿನ ಮೇಲೆಯೇ ಬರ್ತದೆ."

ಅವರು ಕಾಗದ ಎಳೆದುಕೊಂಡು ತಮ್ಮ ಕೈಯಲ್ಲೇ ಬರೆದು, ಸಹಿ ಹಾಕಿ, ಸಮಯ ನಮೂದಿಸಿದರು. ತಮ್ಮ ಗಡಿಯಾರ ನೋಡಿ ಬರೆದು, ಅದನ್ನು ಹೊಡೆದುಹಾಕಿ, ನನ್ನ ಪರದೆಯ ಸಮಯ ನೋಡಿ ಮತ್ತೆ ಬರೆದರು. ನಾನು ಅದರ ಫೋಟೊ ತೆಗೆದು ಕಳಿಸಿದೆ. ರಕ್ಷಣಾ ಬೋಟು ಪಶ್ಚಿಮಕ್ಕೆ ಹೊರಟಿತು.

ಆಮೇಲಿನ ಎರಡು ಗಂಟೆ ಮಾಡಲು ಇದ್ದದ್ದು ಒಂದೇ ಕೆಲಸ, ಮಾತಾಡುವವನನ್ನು ಹುಡುಕುವುದು. ಪಾತ್ರೆ ತೆಗೆದ ಅರ್ಧ ಗಂಟೆಯಲ್ಲಿ ಕಾಟಿಪಳ್ಳದ ಗಡಿಯಾರ ಉಪಗ್ರಹ ಹಿಡಿದುಕೊಂಡು ದಾರಿಗೆ ಬಂತು. ಅವನ ಚುಕ್ಕೆ ನದಿ ಸಮುದ್ರ ಸೇರುವ ಅಳಿವೆ ಬಾಗಿಲಿನ ಹೊರಗೆ, ದಡಕ್ಕೆ ತೀರ ಹತ್ತಿರ ಬಿತ್ತು. ನೀರು ಏರಲಿ ಎಂದು ಕಾಯುತ್ತ ಲಂಗರು ಹಾಕಿ ನಿಂತ ಬೋಟುಗಳಲ್ಲಿ ಅವನದೂ ಒಂದು. ದಿನಕರಣ್ಣನಿಗೆ ಹೇಳಿದೆ. ಮುಂದಿನದನ್ನು ಅವರೇ ನನಗೆ ವರ್ಣಿಸಿದರು. ಬೋಟು ಕಟ್ಟುವ ಧಕ್ಕೆಯಿಂದ ಒಂದು ಸಣ್ಣ ದೋಣಿಯಲ್ಲಿ, ವೈರ್‌ಲೆಸ್ಸಿನಲ್ಲಿ ಆ ಮಾತೆಲ್ಲ ಕೇಳಿದ್ದ ಏಳು ಜನ ತಾಂಡೇಲರು ಹೊರಟರಂತೆ. ಒಬ್ಬ ಸಾಲದೇ ಎಂದು ದಿನಕರಣ್ಣ ಕೇಳಿದರೆ ಎಲ್ಲರಿಗೂ ಸ್ವತಃ ಹೋಗಬೇಕಿತ್ತಂತೆ. ಇವರು ಬೋಟಿನ ಪಕ್ಕ ಮುಟ್ಟುವಾಗ ಒಳಗಿನಿಂದ, "ಈ ಸಲ ಅಂಜಲ್ ಸಿಕ್ಕಿದ ಜಾಗ ಉಂಟಲ್ಲ..." ಎಂದು ದುಬಾರಿ ಮೀನಿನ ಮಾತು ಸಾಗಿತ್ತು. ಏಳು ಜನವೂ ಕೂಗದೆ ಆ ವಾಕ್ಯ ಮುಗಿಯುವವರೆಗೆ ಕಾದರು. ಆಮೇಲೆ ಕೂಗಿದರು. ಮೈಕು ಅಕ್ಕಿ ಚೀಲ ಮತ್ತು ಗೋಡೆಯ ನಡುವೆ ಸಿಕ್ಕಿಕೊಂಡಿತ್ತು. ನೋಡಿದರೆ ಅವನು ದಿನಕರಣ್ಣನ ಸಂಶಯದ ಮೂರು ಜನರಲ್ಲಿ ಒಬ್ಬನೂ ಅಲ್ಲ.

ಅದನ್ನು ಕೇಳಿಯೂ ನಮಗೆ ನಗು ಬರಲಿಲ್ಲ. ಚಾನೆಲ್ ಖಾಲಿಯಾಯಿತು, ಟವರಿನವರು ಕರೆದರು, ಆ ಕಡೆಯಿಂದ ಉತ್ತರ ಬರಲಿಲ್ಲ. ಮತ್ತೆ ಕರೆದರು. ರೈಯವರು ಹಾಜರಿ ಪುಸ್ತಕ ತೆರೆದರು, ಮುಚ್ಚಿದರು. ನನಗೆ ಟೀ ತಂದುಕೊಟ್ಟರು. ನಾನು ಸೇರಿದ ಮೇಲೆ ಮೇಲಧಿಕಾರಿಯೊಬ್ಬರು ನನಗೆ ಟೀ ತಂದುಕೊಟ್ಟದ್ದು ಅದೇ ಮೊದಲು. ಅದರಲ್ಲಿ ಸಕ್ಕರೆ ಇರಲಿಲ್ಲ, ನಾನು ಹೇಳಲಿಲ್ಲ.

ಸಂಜೆ ಬಿಸಿಲು ಇಳಿಯುವಾಗ ರಕ್ಷಣಾ ಬೋಟಿನ ಅಧಿಕಾರಿಯ ಫೋನು ಬಂತು. "ಸಿಕ್ಕಿದ್ರು. ಎಂಟೂ ಜನ ಇದ್ದಾರೆ" ಎಂದರು. ಬೋಟು ನಮ್ಮ ಪಡವಲಕಾಯಿಯ ಒಂದು ತುದಿಯಲ್ಲಿತ್ತು. ಬ್ಯಾಟರಿಗೆ ನೀರು ಹೋಗಿ ವೈರ್‌ಲೆಸ್ ಸತ್ತಿತ್ತು. ಬಕೆಟ್ಟು, ಅನ್ನದ ಪಾತ್ರೆ, ಕೈಗೆ ಸಿಕ್ಕಿದ್ದರಲ್ಲಿ ನೀರು ತೋಡುತ್ತ ಇದ್ದರಂತೆ. ನಾನು ಫೋನು ಇಟ್ಟು ರೈಯವರಿಗೆ ಹೇಳಿದೆ. ಅವರು ತಲೆಯಾಡಿಸಿ ಎದ್ದು ಹೋಗಿ, ಕಂಪ್ಯೂಟರಿನ ಮೇಲಿನ ಕಾಗದವನ್ನು ಉಗುರಿನಿಂದ ಕೆರೆದು ತೆಗೆದರು. ಗೋಂದು ಗಟ್ಟಿಯಾಗಿತ್ತು, ಅರ್ಧ ಮಾತ್ರ ಬಂತು. 'ಪರಿಗಣಿಸತಕ್ಕದ್ದಲ್ಲ' ಎಂಬುದು ನಾನು ನಿವೃತ್ತಳಾಗುವವರೆಗೂ ಅಲ್ಲೇ ಇತ್ತು.

ಎರಡು ದಿನ ಬಿಟ್ಟು ಆ ಬೋಟಿನ ತಾಂಡೇಲ ವಾಮನಣ್ಣ ಕಚೇರಿಗೆ ಬಂದರು. ಐವತ್ತು ದಾಟಿದ, ಎತ್ತರದ ಮನುಷ್ಯ. ಒಗೆದ ಅಂಗಿ. ಕೂರಲು ಹೇಳಿದರೂ ನಿಂತೇ ಇದ್ದರು. ಯಂತ್ರ ನೋಡಬೇಕು ಎಂದರು. ಮಾಳಿಗೆಗೆ ಕರೆದುಕೊಂಡು ಹೋಗಿ ಪೆಟ್ಟಿಗೆ ತೋರಿಸಿದೆ. "ಇಷ್ಟೇ ಉಂಟಾ?" ಎಂದು ಕೇಳಿ ಅದರ ಮೇಲಿನ ಧೂಳು ಒರೆಸಿದರು. 

ಕೆಳಗೆ ಬಂದ ಮೇಲೆ, "ನನ್ನ ಮಾತಿನಿಂದ ಗೊತ್ತಾಯ್ತು ಅಂತಾರಲ್ಲ. ನಾನು ಜಾಗ ಹೇಳಿಯೇ ಇರ್ಲಿಲ್ಲ. ಎಂತ ಹೇಳಿದ್ದೆ?" ಎಂದು ಕೇಳಿದರು. ವೈರ್‌ಲೆಸ್ ಸಾಯುವವರೆಗೆ ಅವರು ಮತ್ತೆ ಮತ್ತೆ ಕೂಗಿದ್ದರಂತೆ. ಯಾರಿಗೂ ಕೇಳಿಸಿರಲಿಲ್ಲ ಎಂದು ದಡಕ್ಕೆ ಬಂದ ಮೇಲೆಯೇ ತಿಳಿಯಿತಂತೆ.

ಒಂಬತ್ತು ಸೆಕೆಂಡನ್ನು ಹಾಕಿ ಕೇಳಿಸಿದೆ. ನಾನು ಆ ಮಧ್ಯಾಹ್ನ ಅದನ್ನು ಎಷ್ಟೋ ಸಲ ಕೇಳಿದ್ದೆ, ಅಂಕೆಗಳ ಸಲುವಾಗಿ. ಮನುಷ್ಯನ ಸ್ವರವಾಗಿ ಕೇಳಿಸಿದ್ದು ಆಗಲೇ ಮೊದಲು. ಅದು ಎದುರಿಗೆ ನಿಂತ ಎತ್ತರದ ಮನುಷ್ಯನ ಸ್ವರದ ಹಾಗೆ ಇರಲಿಲ್ಲ. ನಡುಗುತ್ತಿತ್ತು, ಕೊನೆಯಲ್ಲಿ ಒಡೆದು ತೆಳ್ಳಗಾಗಿತ್ತು. ವಾಮನಣ್ಣ ನೆಲ ನೋಡುತ್ತ ಕೇಳಿಸಿಕೊಂಡರು.

"ಅಕ್ಕ, ಇದನ್ನು ಅಳಿಸ್ಲಿಕ್ಕೆ ಆಗ್ತದಾ?" ಎಂದರು. "ನಮ್ಮ ಬೋಟಿನ ಹುಡುಗರು ಕೇಳಿದ್ರೆ ನಾಳೆಯಿಂದ ನನ್ನ ಮಾತಿಗೆ ಬೆಲೆ ಇಲ್ಲ. ಅವರ ಎದುರು ನಾನು ಹೆದರಿದವನಲ್ಲ. ಕ್ಯಾಬಿನ್ ಬಾಗಿಲು ಹಾಕಿ ಮಾತಾಡಿದ್ದೆ."

ಅಳಿಸುವ ಅಧಿಕಾರ ನನಗಿಲ್ಲ ಎಂದೆ. ಆದರೆ ನಮ್ಮ ಡಿಸ್ಕಿನಲ್ಲಿ ಜಾಗ ಕಡಿಮೆ, ಮೂವತ್ತು ದಿನ ಕಳೆದ ದಾಖಲೆಯ ಮೇಲೆ ಹೊಸದು ತಾನಾಗಿ ಬರೆದುಕೊಳ್ಳುತ್ತದೆ, ಅಷ್ಟರವರೆಗೆ ಯಾರಿಗೂ ಕೇಳಿಸುವುದಿಲ್ಲ ಎಂದು ಮಾತು ಕೊಟ್ಟೆ. ಅವರು ಬೆರಳಿನಲ್ಲಿ ದಿನ ಎಣಿಸಿಕೊಂಡು ಹೋದರು.

ಮೂವತ್ತೊಂದನೆಯ ದಿನ ಬೆಳಿಗ್ಗೆ, ಕಚೇರಿ ತೆರೆದು ಚೀಲ ಇಡುವಷ್ಟರಲ್ಲಿ ಫೋನು ಬಂತು.

"ಅಕ್ಕ, ವಾಮನ ಮಾತಾಡುದು. ಹೋಯ್ತಾ?"

ನೋಡಿ ಹೇಳಿದೆ. "ಹೋಯ್ತು ವಾಮನಣ್ಣ. ಇನ್ನು ಎಲ್ಲಿಯೂ ಇಲ್ಲ."

ಆ ಕಡೆ ದೊಡ್ಡದೊಂದು ಉಸಿರು ಬಿಟ್ಟದ್ದು ಕೇಳಿಸಿತು. ಫೋನು ಇಟ್ಟರೆಂದುಕೊಂಡೆ. ಇಟ್ಟಿರಲಿಲ್ಲ.

"ಮತ್ತೆ ಆ ಇನ್ನೊಬ್ಬನದ್ದು?" ಎಂದರು. "ಮೈಕ್ ಒತ್ತಿಟ್ಟು ಮಾತಾಡಿದನಲ್ಲ, ಅಂಜಲ್ ಸಿಕ್ಕಿದ ಜಾಗ ಹೇಳಿದವ?"

"ಅದೂ ಅದೇ ದಿನದ್ದಲ್ವಾ. ಅದೂ ಹೋಯ್ತು."

"ಛೆ" ಎಂದರು ವಾಮನಣ್ಣ. "ನಾನು ಆಗ ನೀರು ತೋಡ್ತಾ ಇದ್ದೆ ಅಕ್ಕ. ಇಡೀ ಊರಿನಲ್ಲಿ ಅದನ್ನು ಕೇಳದವ ನಾನೊಬ್ಬನೇ."